ನೂರರ ಹೊಸ್ತಿಲಲ್ಲಿ ಬದನವಾಳಿನ ರಾಟೆ

ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವ ಊರು ಬದನವಾಳು. ಹೊಲಗದ್ದೆ, ತೆಂಗು, ಮೈಸೂರು ಸೀಮೆಯ ಯಾವ ಹಳ್ಳಿಯಲ್ಲೂ ಕಾಣುವ ಹೆಂಚಿನ ಮನೆಗಳು. ಆದರೂ ಕರ್ನಾಟಕದ ಉದ್ದಗಲಕ್ಕೂ ಈ ಊರಿನ ಹೆಸರು ಗೊತ್ತು. ಅದಕ್ಕೆ ಕಾರಣ ಇಲ್ಲಿರುವ ಖಾದಿ ಕೇಂದ್ರ.

ಒಂದೇ ಒಂದು ಸಂಸ್ಥೆ ಇಡೀ ಊರಿನ ಗುರುತಾಗಿಬಿಡುವುದು ನಮ್ಮ ನಾಡಿಗೆ ಹೊಸದಲ್ಲ. 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಕರಾವಳಿಯ ಅಂಕೋಲೆಗೆ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಮೂಲಕ ಶಾಲೆಗಳನ್ನು ಕೊಟ್ಟರು. 1966ರಲ್ಲಿ ಗೋಖಲೆ ಶತಮಾನೋತ್ಸವ ಕಾಲೇಜು ಬಂತು. ಸುತ್ತಲ ಹಳ್ಳಿಗಳ ಮಕ್ಕಳಿಗೆ ಅಂಕೋಲೆಯೆಂದರೆ ಓದಿನ ಊರಾಯಿತು. ಕಡಲಿಲ್ಲದ ಮೈಸೂರು ಸೀಮೆಯ ಬದನವಾಳಿಗೆ ಅಂಥ ಗುರುತು ಕೊಟ್ಟದ್ದು ರಾಟೆ. ಇಲ್ಲಿನ ಹೆಂಗಸರಿಗೆ ಕಸುಬು ಕಲಿಸಿ, ಕೈಗೆ ನಾಲ್ಕು ಕಾಸು ಕೊಟ್ಟ ಪಾಠಶಾಲೆ ಈ ಕೇಂದ್ರವೇ.

ಅದು ಶುರುವಾದದ್ದು 1927ರಲ್ಲಿ. ಆ ವರ್ಷ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ತಂಗಿದ್ದರು. ಜುಲೈನಲ್ಲಿ ಬೆಂಗಳೂರಿನ ಖಾದಿ ಪ್ರದರ್ಶನವನ್ನು ಉದ್ಘಾಟಿಸಿದರು. ಮೈಸೂರಿನಲ್ಲಿ ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲರ ದಿವಾನಗಿರಿ. ಬೇರೆಡೆ ಖಾದಿ ತೊಟ್ಟವರನ್ನು ಸರ್ಕಾರ ಅನುಮಾನದಿಂದ ನೋಡುತ್ತಿದ್ದರೆ, ಇಲ್ಲಿ ಸಂಸ್ಥಾನದ ಸರ್ಕಾರವೇ ಮುಂದೆ ಬಂದು ಬದನವಾಳಿನಲ್ಲಿ ನೂಲುವ ಕೇಂದ್ರ ತೆರೆಯಿತು. ಅಖಿಲ ಭಾರತ ಚರಕ ಸಂಘದ ಅನುಭವ ಅದಕ್ಕೆ ಬೆನ್ನೆಲುಬಾಯಿತು. ಇದೇ ನಂಜನಗೂಡು ಸೀಮೆಯಲ್ಲಿ ತಗಡೂರು ರಾಮಚಂದ್ರರಾಯರು ಖಾದಿ ಮತ್ತು ಅಸ್ಪೃಶ್ಯತಾ ನಿವಾರಣೆಯ ಕೆಲಸವನ್ನು ಜೊತೆಜೊತೆಗೇ ಮಾಡುತ್ತಿದ್ದರು. ಗಾಂಧೀಜಿ ಬಂದುಹೋದ ಊರೆಂಬ ಹೆಮ್ಮೆ ಬದನವಾಳಿನವರಿಗೆ ಇಂದಿಗೂ ಇದೆ.

ಈ ಸೀಮೆಗೆ ನೂಲುವ ಕೆಲಸ ಒಗ್ಗಿದ್ದಕ್ಕೆ ಕಾರಣವೂ ಇದೆ. ಮಳೆ ನಂಬಿದ ಬೇಸಾಯ, ಸುಗ್ಗಿ ಮುಗಿದರೆ ತಿಂಗಳುಗಟ್ಟಲೆ ಬಿಡುವು. ಮನೆಗೆಲಸದ ನಡುವೆಯೇ ನೂಲಬಹುದು. ಇನ್ನೂ ಮುಖ್ಯವಾದದ್ದು, ನೇಯ್ಗೆಯಂತೆ ನೂಲುವುದು ಯಾವುದೋ ಒಂದು ಜಾತಿಯ ಕುಲಕಸುಬಾಗಿರಲಿಲ್ಲ. ಯಾವ ಕೇರಿಯ ಹೆಂಗಸಾದರೂ ರಾಟೆಯ ಮುಂದೆ ಕೂರಬಹುದಿತ್ತು.

ಇಂದು ಖಾದಿ ಕೇಂದ್ರಗಳಲ್ಲಿ ಹೆಚ್ಚಾಗಿ ಕಾಣುವುದು ಚಿತ್ರಪಟಗಳಲ್ಲಿ ಗಾಂಧೀಜಿಯ ಮುಂದಿರುವ ರಾಟೆಯಲ್ಲ, ಅಂಬರ ಚರಕ. ತಮಿಳುನಾಡಿನ ಏಕಾಂಬರನಾಥನ್ ರೂಪಿಸಿದ ಈ ಚರಕದಲ್ಲಿ ಒಂದಕ್ಕಿಂತ ಹೆಚ್ಚು ಕದಿರುಗಳಿರುವುದರಿಂದ ಏಕಕಾಲಕ್ಕೆ ಹಲವು ಎಳೆಗಳು ಹೊರಡುತ್ತವೆ. ಅರಳೆಯನ್ನು ಹಿಂಜಿ ಹದಮಾಡಿದ ಹಂಜಿ ಮೇಲಿನಿಂದ ಇಳಿದು ಉರುಳೆಗಳ ನಡುವೆ ಸಿಕ್ಕಿ ಸಣ್ಣಗಾಗುತ್ತದೆ, ಕದಿರಿನಲ್ಲಿ ಹುರಿಗೊಂಡು ಸುತ್ತಿಕೊಳ್ಳುತ್ತದೆ. ಕರ್ನಾಟಕದಲ್ಲಿ ಹೀಗೆ ಹಂಜಿ ಸಿದ್ಧಪಡಿಸುವ ಖಾದಿ ಆಯೋಗದ ಘಟಕ ಚಿತ್ರದುರ್ಗದಲ್ಲಿದೆ. ನೂಲುವಾಕೆಯ ಬಲಗೈ ಹಿಡಿಯನ್ನು ತಿರುಗಿಸುತ್ತಿದ್ದರೆ ಕಣ್ಣು ಅಷ್ಟೂ ಎಳೆಗಳ ಮೇಲಿರುತ್ತದೆ. ಒಂದು ಎಳೆ ತುಂಡಾದರೆ ಚಕ್ರ ನಿಲ್ಲುತ್ತದೆ. ಹರಿದ ಎರಡು ತುದಿಗಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸೆದು ಸೇರಿಸಿ ಮತ್ತೆ ತಿರುಗಿಸಬೇಕು. ಹಂಜಿ ಸರಿಯಿಲ್ಲದ ದಿನ, ಗಾಳಿ ಒಣಗಿದ ದಿನ ಎಳೆ ಮತ್ತೆ ಮತ್ತೆ ಹರಿಯುತ್ತದೆ. ಹೊತ್ತು ಹೋಗುತ್ತದೆ, ಕೂಲಿಯೂ ಹೋಗುತ್ತದೆ.

ನೂಲನ್ನು ಲಡಿಯಾಗಿ ಸುತ್ತುತ್ತಾರೆ. ಒಂದು ಲಡಿಯೆಂದರೆ 1000 ಮೀಟರ್. ಅಲ್ಲಿಂದ ಮುಂದೆ ಮಗ್ಗದ ಕೆಲಸ: ಹಾಸುನೂಲಿಗೆ ಗಂಜಿ ಹಾಕಿ ಒಣಗಿಸಬೇಕು, ಒಂದೊಂದೇ ಎಳೆಯನ್ನು ಹಣಿಗೆಯ ಸಂದಿನಲ್ಲಿ ಪೋಣಿಸಬೇಕು, ಆಮೇಲೆ ತುಳಿಹಲಗೆ ತುಳಿದು ಲಾಳಿ ಓಡಿಸಬೇಕು. ಕೈನೂಲು ಮಿಲ್ಲಿನ ನೂಲಿನಷ್ಟು ಬಿಗಿಯೂ ಅಲ್ಲ, ಒಂದೇ ಸಮವೂ ಅಲ್ಲ. ಬಟ್ಟೆಯಲ್ಲಿ ಗಾಳಿಯಾಡುವುದು, ಬೆವರು ಬೇಗ ಹೀರುವುದು ಆ ಸಡಿಲಿನಿಂದಲೇ. 1956ರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕಾಯ್ದೆಯ ಪ್ರಕಾರ ಕೈಯಲ್ಲಿ ನೂತು ಕೈಯಲ್ಲೇ ನೇಯ್ದದ್ದಕ್ಕೆ ಮಾತ್ರ ಖಾದಿಯೆಂಬ ಹೆಸರು. ಮಿಲ್ಲಿನ ನೂಲು ಹಾಕಿ ನೇಯ್ದದ್ದು ಕೈಮಗ್ಗದ ಬಟ್ಟೆಯಾಗಬಹುದು, ಖಾದಿಯಾಗದು.

ಬದನವಾಳಿನ ಕಥೆಯಲ್ಲಿ ಮರೆಯಬಾರದ ಇನ್ನೊಂದು ಪುಟವಿದೆ. 1993ರ ಮಾರ್ಚ್‌ನಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೇ ಮೂವರು ದಲಿತರನ್ನು ಕೊಲ್ಲಲಾಯಿತು. ನಾಡಿನ ಮನಸ್ಸಾಕ್ಷಿಯನ್ನು ಕಲಕಿದ ಆ ಘಟನೆ ಊರನ್ನು ಎರಡಾಗಿ ಒಡೆಯಿತು. ದಲಿತರ ಕೇರಿಗೂ ಲಿಂಗಾಯತರ ಕೇರಿಗೂ ನಡುವೆ ಇದ್ದ ದಾರಿಯಲ್ಲಿ ಓಡಾಟವೇ ನಿಂತಿತು. ಖಾದಿಯನ್ನೂ ಅಸ್ಪೃಶ್ಯತಾ ನಿವಾರಣೆಯನ್ನೂ ಬೇರೆಬೇರೆಯೆಂದು ಎಣಿಸದ ಗಾಂಧೀಜಿಯ ಹೆಸರು ಹೊತ್ತ ಊರಿನಲ್ಲೇ ಹೀಗಾಯಿತೆಂಬುದು ಇಂದಿಗೂ ನೋಯುವ ಗಾಯ. 2022ರ ಗಾಂಧಿ ಜಯಂತಿಯ ದಿನ ಭಾರತ್ ಜೋಡೋ ಯಾತ್ರೆಯಲ್ಲಿ ರಾಹುಲ್ ಗಾಂಧಿಯವರು ಖಾದಿ ಕೇಂದ್ರಕ್ಕೆ ಬಂದಾಗ, ಎರಡೂ ಸಮುದಾಯದವರು ಸೇರಿ ಆ ದಾರಿಯನ್ನು ದುರಸ್ತಿ ಮಾಡಿ ಮತ್ತೆ ತೆರೆದರು. ಸುಮಾರು 3 ದಶಕಗಳ ನಂತರ ಆ ದಾರಿಯಲ್ಲಿ ಜನ ನಡೆದರು.

ಅದಕ್ಕೂ ಮುಂಚೆ, 2015ರಲ್ಲಿ, ಕೇಂದ್ರದ ಪಾಳುಬಿದ್ದ ಕಟ್ಟಡಗಳು ದೇಶದ ಗಮನ ಸೆಳೆದಿದ್ದವು. ಹೆಗ್ಗೋಡಿನಲ್ಲಿ 'ಚರಕ' ಸಂಸ್ಥೆ ಕಟ್ಟಿದ ರಂಗಕರ್ಮಿ ಪ್ರಸನ್ನ ಇಲ್ಲಿ ಬಂದು ಕೂತು 'ಬದನವಾಳು ಸತ್ಯಾಗ್ರಹ' ಆರಂಭಿಸಿದರು. ಏಪ್ರಿಲ್ 19ರಂದು ಸುಸ್ಥಿರ ಬದುಕಿನ ಕುರಿತು ರಾಷ್ಟ್ರೀಯ ಸಮಾವೇಶ ಇಲ್ಲೇ ನಡೆಯಿತು. ಕೈಉತ್ಪನ್ನಗಳಿಗೆ ಜಿಎಸ್‌ಟಿ ಬೇಡವೆಂದು 2017ರಲ್ಲಿ ಅವರು ಹೂಡಿದ ಕರ ನಿರಾಕರಣೆಯ ಚಳವಳಿಗೂ ಈ ವಿಚಾರವೇ ಬೇರು.

ಸಮಾವೇಶ ಮುಗಿದ ಮೇಲೆ, ಗಣ್ಯರು ಬಂದುಹೋದ ಮೇಲೆ ಉಳಿಯುವುದು ಕೂಲಿಯ ಪ್ರಶ್ನೆ. ನೂಲುವವರ ಕೂಲಿಯನ್ನು ಖಾದಿ ಆಯೋಗ 2024ರ ಅಕ್ಟೋಬರ್ 2ರಿಂದ ಲಡಿಗೆ 10 ರೂಪಾಯಿಯಿಂದ 12.50 ರೂಪಾಯಿಗೆ ಏರಿಸಿತು. ದಿನವೆಲ್ಲ ಕೂತು 20 ಲಡಿ ತೆಗೆದರೆ, ಅಂದರೆ 20 ಕಿಲೋಮೀಟರ್ ನೂಲು ನೂತರೆ, ಆ ದರದಲ್ಲಿ ಸಿಕ್ಕುತ್ತಿದ್ದುದು 250 ರೂಪಾಯಿ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಹತ್ತಿರದಲ್ಲೇ ನಂಜನಗೂಡಿನ ಕಾರ್ಖಾನೆಗಳಿವೆ. ಹೀಗಿರುವಾಗ ಹೊಸ ತಲೆಮಾರಿನ ಹೆಣ್ಣುಮಕ್ಕಳು ಚರಕದ ಮುಂದೆ ಬಂದು ಕೂರಲಿಲ್ಲವೆಂದು ದೂರುವ ಹಕ್ಕು ನಮಗಿಲ್ಲ. ರಾಷ್ಟ್ರಧ್ವಜದ ಬಟ್ಟೆ ಖಾದಿಯೇ ಆಗಬೇಕೆಂಬ ನಿಯಮವೂ 2021ರ ಕೊನೆಯಲ್ಲಿ ಸಡಿಲಗೊಂಡು, ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಆ ಪೆಟ್ಟು ನೂಲುವವರ ಮೇಲೂ ಬಿತ್ತು.

ಖಾದಿಯನ್ನು ನಾವು ಪೂಜಿಸಿದ್ದು ಸಾಕು, ಕೈತುಂಬ ಕೂಲಿ ಕೊಡುವ ಕೆಲಸ ಬಾಕಿಯಿದೆ. 2027ಕ್ಕೆ ಬದನವಾಳಿನ ಕೇಂದ್ರಕ್ಕೆ ನೂರು ತುಂಬುತ್ತದೆ. ಆ ಹೊತ್ತಿಗೆ ಸ್ಮಾರಕ, ಪ್ರತಿಮೆಗಳ ಮಾತು ಬರಬಹುದು. ಅದಕ್ಕೆ ಮೊದಲು ಸೋರುವ ಸೂರು ದುರಸ್ತಿಯಾಗಲಿ, ನೂಲುವ ಹೆಂಗಸಿನ ಕೂಲಿ ಉದ್ಯೋಗ ಖಾತರಿಯ ಕೂಲಿಗಾದರೂ ಸಮನಾಗಲಿ. ಓದುಗರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಬಟ್ಟೆ ಕೊಳ್ಳುವಾಗ 'ಖಾದಿ ಮಾರ್ಕ್' ಇದೆಯೇ ಎಂದು ನೋಡಿ ಕೊಳ್ಳಿ. ಚಾಮರಾಜನಗರದ ಕಡೆ ಹೋಗುವುದಿದ್ದರೆ ಬದನವಾಳಿನಲ್ಲಿ ಇಳಿದು ಕೇಂದ್ರವನ್ನು ನೋಡಿ ಬನ್ನಿ.