ವಾರ್ಡ್‌ರೋಬ್ ಒಂದು, ಲೆಕ್ಕ ಎರಡು: ಮನೆಗೆ ಬಡಗಿಯನ್ನು ಕರೆಯುವ ಮುನ್ನ

ಕಾರ್ಮಿಕ ಸಂಹಿತೆಗಳ ಬಗ್ಗೆ, ಡೆಲಿವರಿ ಹುಡುಗರ ಕಮಿಷನ್ ಬಗ್ಗೆ ನಾವು ಸಾಕಷ್ಟು ಮಾತಾಡುತ್ತೇವೆ. ಆದರೆ ನಮ್ಮ ಮನೆಗೇ ಒಂದು ವಾರ್ಡ್‌ರೋಬ್ ಮಾಡಿಸುವಾಗ? ಬಡಗಿಯನ್ನು ಕರೆದು 'ಕೆಲಸ ಶುರು ಮಾಡಿ' ಅಂದ ಕ್ಷಣದಿಂದ ನಾವೂ ಕೆಲಸ ಕೊಡುವವರೇ. ಅಲ್ಲಿ ಕೂಲಿ ಇದೆ, ಅಡ್ವಾನ್ಸ್ ಇದೆ, ಬೆರಳು ಕತ್ತರಿಸುವ ಮಷೀನ್ ಇದೆ, ಕೊನೆಗೆ ಜಗಳವೂ ಇದೆ. ಇಲ್ಲದಿರುವುದು ಬರಹದಲ್ಲಿ ಒಂದು ಒಪ್ಪಂದ ಮಾತ್ರ.

'ಕಾರ್ಪೆಂಟರ್‌ಗಳು ದುಡ್ಡು ತಗೊಂಡು ನಾಪತ್ತೆ ಆಗ್ತಾರೆ' ಅನ್ನುವುದು ಮನೆಯವರ ದೂರು. 'ಓನರ್‌ಗಳು ಕೊನೇ ಬಿಲ್ ಕೊಡಲ್ಲ' ಅನ್ನುವುದು ಬಡಗಿಗಳ ದೂರು. ಎರಡೂ ಬಹುಪಾಲು ಒಂದೇ ಜಾಗದಲ್ಲಿ ಹುಟ್ಟುತ್ತವೆ ಅನ್ನೋದು ನನ್ನ ವಾದ. ಏನು ಮಾಡಿಸುತ್ತಿದ್ದೇವೆ ಎಂಬುದು ತೀರ್ಮಾನವಾಗುವ ಮೊದಲೇ ನಾವು ರೇಟು ತೀರ್ಮಾನ ಮಾಡಿಬಿಡುತ್ತೇವೆ.

ರೇಟು ಮೂರು ಥರ

ಮೊದಲನೆಯದು ದಿನಗೂಲಿ. ಬಾಗಿಲು ಉಜ್ಜಿ ಸರಿಮಾಡುವುದು, ಮಂಚದ ಕಾಲು ರಿಪೇರಿಯಂಥ ಕೆಲಸಕ್ಕೆ ಇದೇ ಸರಿ. ಕೆಲಸ ತಡವಾದರೆ ಹೊರೆ ಮನೆಯವರ ಮೇಲೆ.

ಎರಡನೆಯದು ಲೇಬರ್ ರೇಟು. ಸಾಮಾನು ನಿಮ್ಮದು, ಕೆಲಸ ಅವರದು, ಲೆಕ್ಕ ಚದರಡಿಯಲ್ಲಿ. ಇಲ್ಲಿ ತಡವಾದರೆ ನಷ್ಟ ಬಡಗಿಗೆ. ನೀವು ಲ್ಯಾಮಿನೇಟ್ ಬಣ್ಣ ಆರಿಸಲು ನಾಲ್ಕು ದಿನ ತಗೊಂಡರೆ, ಆ ನಾಲ್ಕು ದಿನದ ಹೆಲ್ಪರ್ ಕೂಲಿ ಅವರ ಜೇಬಿನಿಂದಲೇ ಹೋಗುತ್ತದೆ.

ಮೂರನೆಯದು ಸಾಮಾನು ಸಮೇತ ಗುತ್ತಿಗೆ. ಇಂಟೀರಿಯರ್ ಕಂಪನಿಗಳದ್ದೂ ಸಾಮಾನ್ಯವಾಗಿ ಇದೇ ದಾರಿ. ನಿಮಗೆ ತಲೆನೋವು ಕಡಿಮೆ. ಆದರೆ ಲ್ಯಾಮಿನೇಟ್‌ನ ಹಿಂದೆ ಯಾವ ಪ್ಲೈ ಇದೆ ಅನ್ನೋದು ಕಾಣಿಸಲ್ಲ.

ಈ ಮೂರರಲ್ಲಿ ಯಾವುದೂ ಮೋಸವಲ್ಲ. ತಡವಾದರೆ, ಅಳತೆ ತಪ್ಪಿದರೆ, ಸಾಮಾನಿನ ಬೆಲೆ ಏರಿದರೆ ಹೊರೆ ಯಾರ ಹೆಗಲಿಗೆ ಎಂಬುದಷ್ಟೇ ಬೇರೆ ಬೇರೆ.

49 ಚದರಡಿಯೊಳಗೆ 147 ಚದರಡಿ

ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಲೆಕ್ಕ ಮಾಡೋಣ. 7 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳದ ಒಂದು ವಾರ್ಡ್‌ರೋಬ್ ತಗೊಳ್ಳಿ. ಚದರಡಿ ರೇಟಿನಲ್ಲಿ ಸಾಮಾನ್ಯವಾಗಿ ಅಳೆಯುವುದು ಮುಂಭಾಗವನ್ನು ಮಾತ್ರ. ಅಂದರೆ 49 ಚದರಡಿ.

ಈಗ ಒಳಗೆ ನೋಡಿ. ಎರಡು ಪಕ್ಕದ ಹಲಗೆ ಸೇರಿ 28 ಚದರಡಿ. ಮೇಲೆ, ಕೆಳಗೆ ಸೇರಿ 28. ನಡುವಿನ ಗೋಡೆ 14. ಮೂರೂವರೆ ಅಡಿಯ ನಾಲ್ಕು ಶೆಲ್ಫ್ 28. ಬಾಗಿಲುಗಳು 49. ಒಟ್ಟು 147 ಚದರಡಿ ದಪ್ಪ ಪ್ಲೈ. ಹಿಂಬದಿಯ ತೆಳು ಪ್ಲೈ 49 ಚದರಡಿ ಬೇರೆ. ಬಿಲ್ಲಿನಲ್ಲಿ ಕಾಣುವುದರ ಮೂರರಷ್ಟು ದಪ್ಪ ಹಲಗೆಯನ್ನು ಅವರು ಕತ್ತರಿಸಿ, ಜೋಡಿಸಿ, ಅಂಚು ಕಟ್ಟಬೇಕು.

ಇನ್ನೊಂದು ಜಗಳ ಶೀಟಿನದು. 8 ಅಡಿ ಉದ್ದ, 4 ಅಡಿ ಅಗಲದ ಒಂದು ಶೀಟ್ ಎಂದರೆ 32 ಚದರಡಿ. 147ನ್ನು 32ರಿಂದ ಭಾಗಿಸಿದರೆ 5 ಶೀಟ್ ಸಾಕು ಅನ್ನಿಸುತ್ತದೆ. ಆದರೆ ಶೀಟನ್ನು 2 ಅಡಿ ಅಗಲದ ಎರಡು ಪಟ್ಟಿ ಮಾಡಿದರೆ ಪ್ರತಿ ಪಟ್ಟಿ 8 ಅಡಿ ಉದ್ದ. ನಮಗೆ ಬೇಕಿರುವುದು 7 ಅಡಿ, ಒಂದು ಅಡಿ ತುಂಡಾಗಿ ಉಳಿಯುತ್ತದೆ. ಹೀಗೆ 7 ಪಟ್ಟಿಗೆ ಮೂರೂವರೆ ಶೀಟ್, ನಾಲ್ಕು ಬಾಗಿಲಿಗೆ 2 ಶೀಟ್. ಅಂಗಡಿಯಿಂದ ತರಬೇಕಾದ್ದು 6. ಉಳಿದ ಅರ್ಧ ಶೀಟ್ ಡ್ರಾಯರ್‌ಗೆ ಆಗುತ್ತದೆ.

ಈ ಲೆಕ್ಕ ಗೊತ್ತಿಲ್ಲದ ಮನೆಯವರಿಗೆ ಆರನೇ ಶೀಟ್ ಕಳ್ಳತನದಂತೆ ಕಾಣುತ್ತದೆ. 'ಒಳಗೆ ನಾಲ್ಕು ಡ್ರಾಯರ್ ಹಾಕಿಬಿಡಿ' ಅನ್ನುವ ಮಾತು ಪುಗಸಟ್ಟೆ ಕೆಲಸ ಕೇಳಿದಂತೆ ಬಡಗಿಗೆ ಕೇಳಿಸುತ್ತದೆ, ಯಾಕಂದ್ರೆ ಡ್ರಾಯರ್ ಸೇರಿಸಿದರೂ ಮುಂಭಾಗ ಅದೇ 49. ಹಾಗಾಗಿ 'ಚದರಡಿಗೆ ಎಷ್ಟು?' ಎಂದು ಕೇಳುವ ಮೊದಲು ಒಳಗಿನ ಚಿತ್ರ ಬರೆಯಿರಿ. ಕಟಿಂಗ್ ಲೆಕ್ಕವನ್ನು ಇಬ್ಬರೂ ಕೂತು ನೋಡಿ.

ಪ್ಲೈ, ಮುದ್ರೆ, ಕಮಿಷನ್

ಪ್ಲೈವುಡ್ ಖರೀದಿಯಲ್ಲಿ ಎರಡು ನಂಬರ್ ನೆನಪಿಡಿ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ನ ಮಾನದಂಡ. ಐಎಸ್ 710 ಮರೈನ್ ಪ್ಲೈನದು, ಸಿಂಕ್ ಕೆಳಗಿನ ಕಪಾಟಿಗೆ ಇದು ವಾಸಿ. 303ರಲ್ಲೇ 'ಎಂಆರ್' ಎಂದಿದ್ದರೆ ತೇವಾಂಶ ಸ್ವಲ್ಪ ತಡೆಯುತ್ತದೆ ಅಂತಷ್ಟೇ ಅರ್ಥ, ನೀರು ತಡೆಯುತ್ತದೆ ಅಂತಲ್ಲ. ಶೀಟ್ ಮೇಲಿನ ಐಎಸ್‌ಐ ಮುದ್ರೆಯ ಜೊತೆ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಬಹುದು.

ಬಡಗಿ ಕರೆದುಕೊಂಡು ಹೋದ ಅಂಗಡಿಯಿಂದ ಅವರಿಗೆ ಕಮಿಷನ್ ಸಿಗುವುದುಂಟು, ಮಾರುಕಟ್ಟೆಯಲ್ಲಿ ಅದು ಗುಟ್ಟೇನಲ್ಲ. ಇದನ್ನು ಬರೀ ನೈತಿಕತೆಯ ಪ್ರಶ್ನೆ ಮಾಡಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಅಳತೆಗೆ ಬಂದ ದಿನ, ಅಂಗಡಿ ಸುತ್ತಿದ ದಿನ, ರೇಟು ಕೇಳಿ ನೀವು ಬೇರೆಯವರಿಗೆ ಕೆಲಸ ಕೊಟ್ಟ ದಿನ, ಇವ್ಯಾವಕ್ಕೂ ನಾವು ದುಡ್ಡು ಕೊಡುವುದಿಲ್ಲ. ಆ ಸಂಬಳ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ಪರಿಹಾರ ಸರಳ: ಅಂಗಡಿ ಬಿಲ್ ನಿಮ್ಮ ಹೆಸರಲ್ಲಿರಲಿ, ಹಣ ನೀವೇ ಕಟ್ಟಿ, ಜೊತೆಗೆ ಬಂದ ದಿನಕ್ಕೆ ಬಡಗಿಗೆ ಕೂಲಿ ಕೊಡಿ.

ಆಯದಿಂದ ಆ್ಯಪ್‌ವರೆಗೆ

ಉತ್ತರ ಕರ್ನಾಟಕದ ಬಡಿಗೇರ, ಕರಾವಳಿಯ ಆಚಾರಿ, ನಗರದ ಕಾರ್ಪೆಂಟರ್. ಹೆಸರಲ್ಲೇ ಊರೂ ಇದೆ, ಜಾತಿಯೂ ಇದೆ. ಹಳ್ಳಿಯ ಆಯಗಾರ ಪದ್ಧತಿಯಲ್ಲಿ ಬಡಗಿ ವರ್ಷವಿಡೀ ನೇಗಿಲು, ಕುಂಟೆ, ಗಾಡಿ ನೋಡಿಕೊಳ್ಳಬೇಕಿತ್ತು. ಸುಗ್ಗಿಯಲ್ಲಿ ಕಾಳು ಸಿಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅವರ ಪಾಲಿಗೂ ಕತ್ತರಿ. ಕೆಲಸ ಮೊದಲು, ಕೂಲಿ ಆಮೇಲೆ, ಎಷ್ಟು ಎಂಬುದು ಕೊಡುವವರ ಕೈಯಲ್ಲಿ. 'ಮುಗೀಲಿ, ನೋಡಿ ಕೊಡೋಣ' ಎಂದು ಇವತ್ತೂ ಸಲೀಸಾಗಿ ಹೇಳುವ ನಮ್ಮ ಬಾಯಲ್ಲಿ ಆ ಹಳೇ ರೂಢಿ ಇನ್ನೂ ಇದೆ.

ಸರ್ಕಾರ ಏನು ಕೊಡುತ್ತಿದೆ? ಸೆಪ್ಟೆಂಬರ್ 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ತರಬೇತಿ ವೇಳೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಎರಡು ಕಂತಿನಲ್ಲಿ 3 ಲಕ್ಷದವರೆಗೆ ಅಡಮಾನವಿಲ್ಲದ ಸಾಲ. ಇದು ಕುಲಕಸುಬನ್ನೇ ಗಟ್ಟಿ ಮಾಡುತ್ತದೆ ಎಂದು ತಮಿಳುನಾಡು ಸರ್ಕಾರ ಈ ರೂಪದಲ್ಲಿ ಜಾರಿಗೆ ಒಪ್ಪಲಿಲ್ಲ. ಆ ಚರ್ಚೆ ಮುಖ್ಯವೇ. ಆದರೆ ಸಾಲ ಸಿಕ್ಕ ಮಾತ್ರಕ್ಕೆ ಬಾಕಿ ಬಿಲ್ ವಸೂಲಾಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಕಟ್ಟಡ ಕೆಲಸದ ಬಡಗಿಗಳು ರಾಜ್ಯದ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. 18ರಿಂದ 60 ವರ್ಷದೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಒಂದು ಮನೆಯಲ್ಲಿ 12 ದಿನ, ಇನ್ನೊಂದರಲ್ಲಿ 20 ದಿನ ದುಡಿಯುವವರು ಆ 90 ದಿನವನ್ನು ಏನು ತೋರಿಸಿ ಸಾಬೀತು ಮಾಡಬೇಕು? ನಾವು ಯಾರೂ ಒಂದು ಸಾಲೂ ಬರೆದುಕೊಟ್ಟಿರುವುದಿಲ್ಲ.

ಆ್ಯಪ್ ಮೂಲಕ ಬರುವವರ ಮಟ್ಟಿಗೆ ಒಂದು ಹೊಸ ಬಾಗಿಲು ತೆರೆದಿದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರಕಾರ, ಪಟ್ಟಿಯಲ್ಲಿರುವ ಸೇವೆಗಳ ಪ್ಲಾಟ್‌ಫಾರ್ಮ್‌ಗಳು ಕಾರ್ಮಿಕರಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ನಿಮ್ಮ ಬೀದಿ ತುದಿಯ ಅಂಗಡಿಯ ಬಡಗಿಗೆ ಆ ಬಾಗಿಲೂ ಇಲ್ಲ.

'ಲೋಕಲ್' ಅಂದ್ರೆ ಯಾರು?

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕೆಲಸ ಮಾಡುತ್ತಿರುವವರು ರಾಜಸ್ಥಾನ, ಉತ್ತರ ಪ್ರದೇಶ, ಬಿಹಾರದಿಂದ ಬಂದ ಬಡಗಿಗಳು. 'ಲೋಕಲ್‌ಗೆ ಕೊಡಿ' ಅನ್ನುವ ಮಾತು ಬೇಗನೆ ಭಾಷೆಯ ಜಗಳವಾಗುತ್ತದೆ. ನನ್ನ ಅಳತೆಗೋಲು ಬೇರೆ. ಆರು ತಿಂಗಳ ನಂತರ ಹಿಂಜ್ ಸಡಿಲವಾದರೆ ಬಂದು ಸರಿಮಾಡುವಷ್ಟು ಹತ್ತಿರ ಇರುವವರು ಲೋಕಲ್. ಅವರು ಮಾಡಿದ, ಒಂದೆರಡು ಮಳೆಗಾಲ ಕಂಡ ಕೆಲಸ ನಿಮ್ಮ ಏರಿಯಾದಲ್ಲೇ ನೋಡಲು ಸಿಗಬೇಕು. ಫೋಟೊ ಬೇಡ, ಹೋಗಿ ಬಾಗಿಲು ತೆಗೆದು ಮುಚ್ಚಿ ನೋಡಿ, ಅಡುಗೆಮನೆಯ ಸಿಂಕ್ ಕೆಳಗೆ ಬಗ್ಗಿ ನೋಡಿ. ಆ ಬಡಗಿ ಯಾವ ಭಾಷೆಯವರಾದರೂ ಕೂಲಿಯ ನ್ಯಾಯ ಒಂದೇ.

ಒಂದು ಹಾಳೆ ಸಾಕು

ಸ್ಟಾಂಪ್ ಪೇಪರ್ ಬೇಕಿಲ್ಲ. ಇಬ್ಬರಿಗೂ ಓದಲು ಬರುವ ಭಾಷೆಯಲ್ಲಿ ಒಂದು ಹಾಳೆ, ಇಬ್ಬರ ಸಹಿ, ವಾಟ್ಸ್‌ಆ್ಯಪ್‌ನಲ್ಲಿ ಅದರ ಫೋಟೊ. ಅದರಲ್ಲಿ ಇಷ್ಟಿರಲಿ:

- ಒಳಗಿನ ಚಿತ್ರ, ಅಳತೆ. ಚದರಡಿ ಅಳೆಯುವುದು ಮುಂಭಾಗವೋ, ಹಲಗೆ ಲೆಕ್ಕವೋ. ಡ್ರಾಯರ್, ಲಾಕರ್‌ಗೆ ಬೇರೆ ರೇಟೋ.
- ಪ್ಲೈ ದರ್ಜೆ, ದಪ್ಪ, ಲ್ಯಾಮಿನೇಟ್, ಹಿಂಜ್, ಚಾನೆಲ್ ಯಾವುದು, ತರುವವರು ಯಾರು.
- ಹಣದ ಕಂತು. ಬಾಕ್ಸ್ ನಿಂತಾಗ ಒಂದು, ಲ್ಯಾಮಿನೇಟ್ ಮುಗಿದಾಗ ಒಂದು, ಬಾಗಿಲು ಕೂತಾಗ ಒಂದು. ಕೊನೆಯಲ್ಲಿ ಚಿಕ್ಕ ಮೊತ್ತ ಉಳಿಸಿಕೊಂಡರೆ ಅದನ್ನು ಕೊಡುವ ತಾರೀಖು. ಹೆಲ್ಪರ್‌ಗಳಿಗೆ ವಾರದ ಬಟವಾಡೆ ಇರುತ್ತದೆ ಎಂಬುದು ನೆನಪಿರಲಿ. ನೀವು ಕಂತು ಮುಂದೂಡಿದರೆ ಮೊದಲು ಖಾಲಿ ಕೈಲಿ ಮನೆಗೆ ಹೋಗುವುದು ಅವರೇ.
- ಚಿತ್ರ ಬದಲಾದರೆ ಹೊಸ ರೇಟು ಮೊದಲು, ಕೆಲಸ ಆಮೇಲೆ.
- ಕೆಲಸದ ಜಾಗ. ಅರ್ಥಿಂಗ್ ಇರುವ ಪಾಯಿಂಟ್, ಗಾಳಿ, ಮಾಸ್ಕ್, ಕುಡಿಯುವ ನೀರು, ಬಳಸಲು ಟಾಯ್ಲೆಟ್. ಮರದ ಧೂಳು, ಫಾರ್ಮಾಲ್ಡಿಹೈಡ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. 'ವರ್ಕರ್ಸ್ ಟಾಯ್ಲೆಟ್ ಬಳಸುವಂತಿಲ್ಲ' ಎಂದು ಬೋರ್ಡ್ ಹಾಕುವ ಅಪಾರ್ಟ್‌ಮೆಂಟ್‌ನಲ್ಲಿ ನೀವಿದ್ದರೆ, ಅಸೋಸಿಯೇಷನ್ ಮೀಟಿಂಗಿನಲ್ಲಿ ಆ ಮಾತೆತ್ತಬೇಕಾದ್ದು ನೀವು, ಬಡಗಿಯಲ್ಲ.

ಈ ಹಾಳೆ ನಿಮ್ಮನ್ನೂ ಕಾಯುತ್ತದೆ. ಹಣ ತಗೊಂಡು ಕೆಲಸ ಕೆಡಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಆಗ ಇದೇ ಸಾಕ್ಷಿ. ಆದರೆ ನೀವು ಕೊನೇ ಬಿಲ್ ಕೊಡದಿದ್ದರೆ ಗುತ್ತಿಗೆ ಹಿಡಿದ ಬಡಗಿ ಎಲ್ಲಿಗೆ ಹೋಗಬೇಕು? ಅಷ್ಟು ಸುಲಭದ ವೇದಿಕೆ ಅವರಿಗಿಲ್ಲ. ಸಿವಿಲ್ ಕೋರ್ಟಿಗೆ ಅಲೆಯುವಷ್ಟು ಪುರುಸೊತ್ತು ದಿನ ದುಡಿದು ತಿನ್ನುವವರಿಗೆ ಎಲ್ಲಿದೆ? ಅವರ ಬಾಕಿಗೂ ಒಂದು ಸರಳ ವೇದಿಕೆ ಬೇಕು ಎಂದು ಕೇಳುವುದು ರಾಜಕೀಯ ಕೆಲಸ, ಅದನ್ನು ಮಾಡೋಣ. ಅದು ಆಗುವವರೆಗೆ ಆ ಹಾಳೆಯ ಒಂದು ಪ್ರತಿ ಅವರ ಕೈಲೂ ಇರಲಿ.