ಗೃಹಸ್ಥರ ವಿದ್ಯಾಭ್ಯಾಸ

ವಿದ್ಯಾರ್ಜನೆಗೆಂದೇ ಬ್ರಹ್ಮಚರ್ಯಾಶ್ರಮವನ್ನು ಮೀಸಲಿರಿಸಿದ ನಮ್ಮ ಪೂರ್ವಿಕರು, ಸಂಸಾರದ ಭಾರವನ್ನು ಹೊತ್ತಮೇಲೆ ಪಾಠಕ್ಕೆ ಕೂರುವುದು ಎಷ್ಟು ದುಷ್ಕರವೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದಿರಬೇಕು. ಆದರೂ ಗೃಹಸ್ಥರು ಓದಿನ ಹಂಬಲವನ್ನು ಬಿಟ್ಟವರಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣದಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ರೂಪುಗೊಂಡಿತಷ್ಟೆ. ಅಂಚೆಯಣ್ಣ ತಂದುಕೊಟ್ಟ ಪಾಠಗಳನ್ನೋದಿ ಪದವೀಧರರಾದ ಗುಮಾಸ್ತರೂ ಉಪಾಧ್ಯಾಯರೂ ಗೃಹಿಣಿಯರೂ ನಮ್ಮ ನಾಡಿನಲ್ಲಿ ಅಪರೂಪವೇನಲ್ಲ.

ಈಗ ಆ ಪಾಠಗಳು ಅಂಗೈಯಲ್ಲಿನ ಮೊಬೈಲಿಗೇ ಬಂದಿವೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಹುಟ್ಟುಹಾಕಿದ ಎನ್‌ಪಿಟೆಲ್‌ನಲ್ಲಾಗಲಿ, 2017ರಲ್ಲಿ ಕೇಂದ್ರ ಸರ್ಕಾರವು ತೆರೆದ ಸ್ವಯಂನಲ್ಲಾಗಲಿ, ಪಾಠ ಕೇಳಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾಶುಲ್ಕವನ್ನು ತೆರಬೇಕು. ಪ್ರವೇಶವು ಇಷ್ಟು ಸುಲಭವಾದಾಗ ನಿರ್ಗಮನವೂ ಅಷ್ಟೇ ಸುಲಭವಾಗುವುದು ಸಹಜ. ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳ ಆನ್‌ಲೈನ್ ಪಾಠಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಸರು ನೋಂದಾಯಿಸಿದವರ ಪೈಕಿ ಕೊನೆಮುಟ್ಟಿದವರು ನೂರಕ್ಕೆ ಮೂವರಷ್ಟೇ ಎಂದು ಕಂಡುಬಂದಿತು. ಹಣ ತೆತ್ತು ಪ್ರಮಾಣಪತ್ರವನ್ನು ಬಯಸಿದವರಲ್ಲಾದರೋ ಈ ಸಂಖ್ಯೆ ಅರ್ಧದ ಸಮೀಪಕ್ಕೆ ಬಂದಿತ್ತು.

ಹಾಗಾದರೆ ಉಳಿದವರಲ್ಲಿ ಉತ್ಸಾಹವಿರಲಿಲ್ಲವೆನ್ನೋಣವೆ? ಉತ್ಸಾಹವು ಮೊದಲ ವಾರದಲ್ಲಿ ಎಲ್ಲರಲ್ಲಿಯೂ ಉಕ್ಕುತ್ತದೆ. ಮೂರನೆಯ ವಾರದಲ್ಲಿ ಮಗುವಿಗೆ ಜ್ವರ, ನಾಲ್ಕನೆಯದರಲ್ಲಿ ನೆಂಟರ ಮನೆಯ ಮದುವೆ, ಆಫೀಸಿನಲ್ಲಿ ಲೆಕ್ಕಪರಿಶೋಧನೆ. ಅಸೈನ್‌ಮೆಂಟ್ ಒಪ್ಪಿಸುವ ಕೊನೆಯ ದಿನ ಕಳೆದುಹೋಗುತ್ತದೆ. ಅಭ್ಯಾಸವನ್ನು ಕೊಲ್ಲುವುದು ಹೀಗೆ ತಪ್ಪಿದ ವಾರವಲ್ಲ, ತಪ್ಪಿತಲ್ಲಾ ಎಂಬ ನಾಚಿಕೆ. ನಾಳೆ ನಾಳೆಯೆಂದು ಮುಂದೂಡುತ್ತ, ಆ ಪುಟವನ್ನು ತೆರೆಯುವುದಕ್ಕೇ ಹಿಂಜರಿಯುವ ಸ್ಥಿತಿ ಬಂದೊದಗುತ್ತದೆ.

ಎನ್‌ಪಿಟೆಲ್‌ನ ನಿಯಮವನ್ನೇ ತುಸು ಗಮನಿಸಿ. ಹನ್ನೆರಡು ವಾರಗಳ ಪಾಠದಲ್ಲಿ ಅತ್ಯುತ್ತಮವಾದ ಎಂಟು ಅಸೈನ್‌ಮೆಂಟುಗಳನ್ನೂ, ಎಂಟು ವಾರಗಳದ್ದರಲ್ಲಿ ಆರನ್ನೂ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅವುಗಳಿಗೆ 25 ಅಂಕ, ಅಂತಿಮ ಪರೀಕ್ಷೆಗೆ 75. ಅಂದರೆ ಹನ್ನೆರಡು ವಾರಗಳ ಪಾಠದಲ್ಲಿ ನಾಲ್ಕು ವಾರ ತಪ್ಪಿಸಿಕೊಂಡವನಿಗೂ ಪೂರ್ಣಾಂಕದ ಬಾಗಿಲು ಮುಚ್ಚಿರುವುದಿಲ್ಲ. ಸಂಸ್ಥೆಯೇ ತೋರಿರುವ ಈ ಔದಾರ್ಯವನ್ನು ವಿದ್ಯಾರ್ಥಿಯು ತನಗೆ ತಾನೇ ತೋರಿಕೊಳ್ಳಲಾರನೆಂಬುದು ವಿಪರ್ಯಾಸವೇ ಸರಿ.

ಇನ್ನೊಂದು ಅಪಾಯವುಂಟು. ರಾತ್ರಿ ಊಟವಾದಮೇಲೆ ದಿಂಬಿಗೊರಗಿ ವೀಡಿಯೊ ನೋಡುತ್ತಿದ್ದರೆ ಎಲ್ಲವೂ ಅರ್ಥವಾದಂತೆಯೇ ಭಾಸವಾಗುತ್ತದೆ. ಮರುವಾರ ಪ್ರಶ್ನೆಗಳೆದುರು ತಲೆ ಬರಿದಾಗಿರುತ್ತದೆ, ಅಲ್ಲಿಗೆ ಆತ್ಮವಿಶ್ವಾಸವೂ ಕುಸಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು. ಓದಿದ್ದನ್ನು ಮುಚ್ಚಿಟ್ಟು ನೆನಪಿನಿಂದ ಬರೆದವರು ಒಂದು ವಾರದ ಬಳಿಕ ಅವರನ್ನು ಹಿಂದಿಕ್ಕಿದ್ದರು. ಆದಕಾರಣ ಹತ್ತು ನಿಮಿಷ ಕೇಳಿ, ಪರದೆಯನ್ನು ಆರಿಸಿ, ತಿಳಿದದ್ದನ್ನು ಹಾಳೆಯ ಮೇಲೆ ಸ್ವಂತ ಮಾತಿನಲ್ಲಿ ಬರೆಯುವುದು ಲೇಸು. ತನ್ನ ಕೈಬರಹದಲ್ಲಿ ಕಂಡ ಪ್ರಗತಿಗಿಂತ ಬಲವಾದ ಪ್ರೇರಣೆ ಬೇರೊಂದಿಲ್ಲ.

ಮನೆಯವರಿಗೆ ತಿಳಿಸಿ ದಿನದಲ್ಲೊಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಸಾಧ್ಯವಾದರೆ ಅದೇ ಪಾಠ ಓದುವ ಸಂಗಾತಿಯೊಬ್ಬರನ್ನು ಹುಡುಕಿಕೊಳ್ಳಿ. ಇಷ್ಟೆಲ್ಲ ಮಾಡಿಯೂ ಒಂದು ವಾರ ತಪ್ಪಿದರೆ, ಹಿಂದಿನ ಬಾಕಿಯನ್ನು ತೀರಿಸಲು ಹೆಣಗದೆ, ಈ ವಾರದ ಪಾಠವನ್ನು ಇಂದೇ ತೆರೆಯಿರಿ.