ಅಂಚಿನಲ್ಲೊಂದು ಪ್ರಶ್ನೆ
ವಿದ್ಯಾರ್ಥಿದೆಸೆಯಲ್ಲಿ ನಾವು ಓದಿದ ಗ್ರಂಥಗಳ ತುಂಬ ಕೆಂಪು ಗೆರೆಗಳಿವೆ. ಅವನ್ನು ಏತಕ್ಕೆ ಎಳೆದೆವೆಂಬುದು ಇಂದು ನಮಗೇ ತಿಳಿಯದು. ಮಠದಲ್ಲಿ ಓಲೆಗರಿಗಳನ್ನು ಪ್ರತಿಮಾಡಲು ಕುಳಿತಾಗ ಈ ಓದಿನ ದೋಷ ಬಯಲಾಯಿತು. ಹಳೆಯ ಓಲೆಗಳಲ್ಲಿ ಪದಗಳ ನಡುವೆ ತೆರಪಿಲ್ಲ; ಒಕಾರ ಓಕಾರಗಳ ಭೇದವೂ ಸಾಮಾನ್ಯವಾಗಿ ಕಾಣದು. ‘ಕೊಡು’ ಎಂದು ಬರೆದದ್ದು ‘ಕೋಡು’ ಆಗಿರಬಹುದು. ಇಂಥದೊಂದು ಪದವನ್ನು ನಾವು ತಪ್ಪಾಗಿ ಓದಿ, ಸಂಶಯವನ್ನು ಗುರುತಿಸದೆ ಶುದ್ಧಪ್ರತಿ ಮಾಡಿದೆವು. ಕಿರಿಯರು ಎರಡು ವರ್ಷ ಅದನ್ನೇ ಕಂಠಪಾಠ ಮಾಡಿದರು! ಮತ್ತೊಂದು ಪ್ರತಿ ದೊರೆತಾಗ ನಾಚಿ ತಲೆತಗ್ಗಿಸಿದೆವು.

ಅಂದಿನಿಂದ ಗೆರೆಯೆಳೆದಲ್ಲೆಲ್ಲ ಅದರ ಕಾರಣವನ್ನು ಅಂಚಿನಲ್ಲಿ ನಾಲ್ಕು ಮಾತಿನಲ್ಲಿ ಬರೆಯುತ್ತೇವೆ, ಸಂಶಯವಿದ್ದಲ್ಲಿ ಪ್ರಶ್ನೆಚಿಹ್ನೆ. ಬರೆಯುವುದು ಪೆನ್ಸಿಲಿನಿಂದಲೇ. ತಪ್ಪು ತಿಳಿದ ದಿನ ಅಳಿಸಲು ಬರಬೇಕಲ್ಲ! ತಾಯಿತಂದೆಗಳು ಮಕ್ಕಳ ಪುಸ್ತಕದಲ್ಲಿ ಬರಿಯ ಗೆರೆಗಳನ್ನು ಕಂಡರೆ, ‘ಇದನ್ನೇಕೆ ಎಳೆದೆ, ಮಗೂ?’ ಎಂದು ಕೇಳಿನೋಡಲಿ.